ಲಕ್ವದ ನಂತರದ ಫಿಟ್ಸ್: ಯಾವ ಮಾತ್ರೆ, ಎಷ್ಟು ಕಾಲ?

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ. ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿತ್ತು. ಈಗ ಕೋಲು ಹಿಡಿದು ಓಡಾಡುತ್ತಾರೆ. ಲಕ್ವವಾದ ಎಂಟು ತಿಂಗಳಿಗೆ ಒಮ್ಮೆ ಫಿಟ್ಸ್ ಬಂತು. ಅಂದಿನಿಂದ ರಾತ್ರಿ ಫೆನಿಟಾಯಿನ್ 300 ಮಿ.ಗ್ರಾಂ. ಕೊಡುತ್ತಿದ್ದೇವೆ. ಎದೆಬಡಿತದ ಏರುಪೇರಿಗೆ ಅಪಿಕ್ಸಬಾನ್, ಕೊಲೆಸ್ಟರಾಲಿಗೆ ಅಟೊರ್ವಾಸ್ಟಾಟಿನ್ ಕೂಡ ಇವೆ. ಈಚೆಗೆ ತೂರಾಡುತ್ತಾರೆ, ಒಸಡು ಊದಿದೆ. ಒಂದೇ ಸಲ ಬಂದ ಫಿಟ್ಸ್‌ಗೆ ದಿನಾ ಮಾತ್ರೆ ಬೇಕೆ?
– ಓದುಗರು, ಶ್ರೀನಿವಾಸಪುರ

ಉತ್ತರ: ಮಾತ್ರೆ ಬೇಕೇ ಬೇಕು. ಆದರೆ ನಿಮ್ಮ ತಂದೆಗೆ ಫೆನಿಟಾಯಿನ್ ಹೊಂದುವ ಮಾತ್ರೆಯಲ್ಲ.

ಲಕ್ವವಾಗಿ ಏಳು ದಿನ ಕಳೆದ ಮೇಲೆ ಒಮ್ಮೆ ಫಿಟ್ಸ್ ಬಂದರೂ ಮುಂದಿನ ಹತ್ತು ವರ್ಷದಲ್ಲಿ ಮತ್ತೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 70. ಆದ್ದರಿಂದಲೇ ಅದನ್ನು ಮೂರ್ಛೆರೋಗವೆಂದೇ ಪರಿಗಣಿಸುತ್ತಾರೆ.

ಫೆನಿಟಾಯಿನ್ ಲಿವರನ್ನು ಚುರುಕುಗೊಳಿಸಿ ಬೇರೆ ಮಾತ್ರೆಗಳು ಬೇಗ ಕರಗಿಹೋಗುವಂತೆ ಮಾಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಪಿಕ್ಸಬಾನ್ ನುಂಗಿದ್ದರೂ ರಕ್ತದಲ್ಲಿ ಸಾಕಷ್ಟು ಉಳಿಯುವುದಿಲ್ಲ. ರಕ್ತ ಹೆಪ್ಪುಗಟ್ಟಿ ಇನ್ನೊಂದು ಲಕ್ವಕ್ಕೆ ದಾರಿಯಾಗುತ್ತದೆ. ಇವೆರಡನ್ನೂ ಜೊತೆಯಲ್ಲಿ ಕೊಡಬಾರದು. ಅಟೊರ್ವಾಸ್ಟಾಟಿನ್ ಬಲವೂ ತಗ್ಗುತ್ತದೆ. ಫೆನಿಟಾಯಿನ್ ವರ್ಷಗಟ್ಟಲೆ ನುಂಗಿದರೆ ಮೂಳೆ ಸವೆಯುತ್ತದೆ. ಫ್ಲೋರೈಡ್ ಇರುವ ಬೋರ್‌ವೆಲ್ ನೀರು ಕುಡಿದು ಮೊದಲೇ ಕೀಲು, ಮೂಳೆ ಕೆಟ್ಟಿರುವವರು ನಮ್ಮ ಕಡೆ ಎಷ್ಟೋ ಜನ. ಅವರು ತೂರಾಡಿ ಬಿದ್ದರೆ ಸೊಂಟ ಮುರಿಯುವುದು ಬಹಳ ಸುಲಭ.

ತೂರಾಟ ಮೆಲ್ಲಗೆ ಶುರುವಾಗಿದ್ದರೆ ಮೊದಲ ಅನುಮಾನ ಫೆನಿಟಾಯಿನ್ ಮೇಲೆಯೇ. ಆದರೆ ದಿಢೀರನೆ ಬಂದರೆ, ಮಾತು ತೊದಲಿದರೆ ಅಥವಾ ಬಾಯಿ ಸೊಟ್ಟಗಾದರೆ ಅದು ಹೊಸ ಲಕ್ವವಿರಬಹುದು, ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ರಾತ್ರಿಯ ಮಾತ್ರೆಗೆ ಮುಂಚೆ ರಕ್ತ ಕೊಟ್ಟು ಫೆನಿಟಾಯಿನ್ ಮಟ್ಟ ನೋಡಿಸಿ, ಮಿ.ಲೀ.ಗೆ 10ರಿಂದ 20 ಮೈಕ್ರೋಗ್ರಾಂ ಇರಬೇಕು. ರಕ್ತದಲ್ಲಿನ ಪ್ರೋಟೀನಾದ ಆಲ್ಬುಮಿನ್ ಕೂಡ ನೋಡಿಸಿ. ಅದು ಕಡಿಮೆಯಿದ್ದರೆ, ಅಂಕಿ ಸರಿಯಿದ್ದಂತೆ ಕಂಡರೂ ಔಷಧದ ಪರಿಣಾಮ ಮೈಯಲ್ಲಿ ಹೆಚ್ಚಾಗಿಯೇ ಇರಬಹುದು.

ಬದಲಿಗೆ ಎರಡು ಮಾತ್ರೆಗಳಿವೆ. ಲೆವೆಟಿರಾಸೆಟಮ್ ಲಿವರನ್ನು ಹಾಗೆ ಚುರುಕುಗೊಳಿಸುವುದಿಲ್ಲ, ಫಿಟ್ಸ್ ಬೇಗ ಹಿಡಿತಕ್ಕೆ ಬರುತ್ತದೆ. ಸಾಮಾನ್ಯವಾಗಿ ಬೆಳಿಗ್ಗೆ, ರಾತ್ರಿ 250 ಮಿ.ಗ್ರಾಂ.ನಿಂದ ಶುರುಮಾಡಿ, ಒಂದೆರಡು ವಾರದಲ್ಲಿ 500ಕ್ಕೆ ಏರಿಸುತ್ತಾರೆ. ಇದು ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ ಮೊದಲು ಕ್ರಿಯಾಟಿನಿನ್ ನೋಡಲೇಬೇಕು. ಕೆಲವರಲ್ಲಿ ಸಿಡುಕು, ಕೋಪ, ಮಂಕುತನ ತರುತ್ತದೆ. ಮನೆಯವರು ಅದನ್ನು ‘ಲಕ್ವ ಆದಮೇಲೆ ಸ್ವಭಾವ ಬದಲಾಯ್ತು’ ಎಂದುಕೊಂಡು ಸುಮ್ಮನಾಗುತ್ತಾರೆ. ಹಾಗೆ ಬಿಡಬೇಡಿ, ವೈದ್ಯರಿಗೆ ಹೇಳಿ.

ಇನ್ನೊಂದು ಲ್ಯಾಮೊಟ್ರಿಜಿನ್. 2022ರಲ್ಲಿ ಪ್ರಕಟವಾದ ಸ್ವೀಡನ್‌ನ ಅಧ್ಯಯನವೊಂದರಲ್ಲಿ, ಲಕ್ವದ ನಂತರ ಮೂರ್ಛೆರೋಗ ಬಂದವರ ಪೈಕಿ ಇದನ್ನು ತೆಗೆದುಕೊಂಡವರಲ್ಲಿ ಸಾವು ಕಾರ್ಬಮಜೆಪಿನ್ ಎಂಬ ಫಿಟ್ಸ್ ಮಾತ್ರೆ ತೆಗೆದುಕೊಂಡವರಿಗಿಂತ ಕಡಿಮೆ ಇತ್ತು, ವಾಲ್ಪ್ರೊಯೇಟ್ ಎಂಬ ಇನ್ನೊಂದನ್ನು ತೆಗೆದುಕೊಂಡವರಲ್ಲಿ ಹೆಚ್ಚಿತ್ತು. ಆದರೆ ಲ್ಯಾಮೊಟ್ರಿಜಿನ್‌ಗೆ ಅವಸರ ಸಲ್ಲದು. ಒಂಟಿಯಾಗಿ ಕೊಡುವಾಗ ಎರಡು ವಾರ ದಿನಕ್ಕೆ 25 ಮಿ.ಗ್ರಾಂ., ಮುಂದೆರಡು ವಾರ 50. ಫೆನಿಟಾಯಿನ್ ಅಥವಾ ವಾಲ್ಪ್ರೊಯೇಟ್ ಜೊತೆಗಿದ್ದರೆ ಈ ಲೆಕ್ಕ ಬದಲಾಗುತ್ತದೆ. ಬೇಗ ಏರಿಸಿದರೆ ಚರ್ಮ ಸುಲಿದುಹೋಗುವಂಥ ಅಪಾಯಕಾರಿ ಅಲರ್ಜಿ ಬರಬಹುದು. ಮೊದಲ ಎಂಟು ವಾರದಲ್ಲಿ ಮೈಮೇಲೆ ಗಂಧೆ ಎದ್ದರೆ ಅಂದೇ ವೈದ್ಯರ ಬಳಿ ಹೋಗಿ. ಹೃದಯದ ತೊಂದರೆ ಇರುವವರಿಗೆ ಮೊದಲು ಇ.ಸಿ.ಜಿ. ಆಗಬೇಕು.

ಹಳೆಯದನ್ನು ಇಂದು ನಿಲ್ಲಿಸಿ ಹೊಸದನ್ನು ನಾಳೆ ಹಿಡಿಯುವುದು ಮಾತ್ರ ಬೇಡ. ಹೊಸದು ನೆಲೆನಿಂತ ಮೇಲೆ ವಾರಗಳ ಲೆಕ್ಕದಲ್ಲಿ ಹಳೆಯದನ್ನು ಇಳಿಸುತ್ತಾರೆ. ಅಪಿಕ್ಸಬಾನ್ ಬದಲು ವಾರ್ಫರಿನ್ ನುಂಗುವವರಾಗಿದ್ದರೆ ಆ ಸಮಯದಲ್ಲಿ ಐ.ಎನ್.ಆರ್. (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಏರಿ ರಕ್ತಸ್ರಾವವಾಗಬಹುದು, ಪದೇ ಪದೇ ನೋಡಿಸಬೇಕು. ಹೋಗುವಾಗ ಚೀಟಿಯಷ್ಟೇ ಅಲ್ಲ, ಬಿ.ಪಿ., ಸಕ್ಕರೆಯವೂ ಸೇರಿ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಒಯ್ಯಿರಿ.

ಪ್ರಶ್ನೆ: ನಮ್ಮ ಯಜಮಾನರಿಗೆ ಲಕ್ವ ಹೊಡೆದ ಎರಡನೇ ದಿನ ಆಸ್ಪತ್ರೆಯಲ್ಲೇ ಫಿಟ್ಸ್ ಬಂದಿತ್ತು. ಮತ್ತೆ ಬಂದಿಲ್ಲ. ಆರು ತಿಂಗಳಿಂದ ಲೆವೆಟಿರಾಸೆಟಮ್ ನಡೆದಿದೆ. ಮುಂದುವರಿಸಬೇಕೆ?
– ಓದುಗರು, ಚಿಂತಾಮಣಿ

ಉತ್ತರ: ಮೊದಲ ಏಳು ದಿನದೊಳಗೆ ಬರುವ ಫಿಟ್ಸ್ ಬೇರೆ. ಅದು ಆಗಷ್ಟೇ ಪೆಟ್ಟು ತಿಂದ ಮೆದುಳಿನ ಕೆರಳಿಕೆ. ಮುಂದೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 33. ಇಂಥವರಿಗೆ ಸಾಮಾನ್ಯವಾಗಿ ದೀರ್ಘಕಾಲದ ಮಾತ್ರೆ ಬೇಕಿಲ್ಲ. ಇಳಿಸುವ ಬಗ್ಗೆ ನರರೋಗ ತಜ್ಞರನ್ನು ನೀವಾಗಿಯೇ ಕೇಳಿ. ಯಾರೂ ಕೇಳದೆ ಅದೇ ಚೀಟಿ ವರ್ಷಗಟ್ಟಲೆ ಮುಂದುವರಿಯುತ್ತದೆ.

ಪ್ರಶ್ನೆ: ಲಕ್ವವಾಗಿ ಒಂದು ವರ್ಷದ ಮೇಲೆ ಅಮ್ಮನಿಗೆ ಫಿಟ್ಸ್ ಶುರುವಾಯಿತು. ಮಾತ್ರೆಯಿಂದ ಎರಡು ವರ್ಷ ಬಂದಿಲ್ಲ. ನಿಲ್ಲಿಸಬಹುದೆ?
– ಓದುಗರು, ಮಧುಗಿರಿ

ಉತ್ತರ: ಫಿಟ್ಸ್ ನಿಂತಿರುವುದು ಮಾತ್ರೆಯಿಂದ, ಮೆದುಳಿನ ಗಾಯದ ಕಲೆ ಅಲ್ಲೇ ಇದೆ. ಲಕ್ವದಿಂದ ಬಂದ ಮೂರ್ಛೆಯಲ್ಲಿ, ನಿಲ್ಲಿಸಿದರೆ ಮರುಕಳಿಸುವುದೇ ಹೆಚ್ಚು. ಒಗ್ಗಿರುವ ಮಾತ್ರೆಯಾದರೆ, ಫಿಟ್ಸ್ ತಡೆಯಲು ಸಾಕಾಗುವಷ್ಟು ಕಡಿಮೆ ಪ್ರಮಾಣದಲ್ಲಿ ಮುಂದುವರಿಸುವುದು ಲೇಸು. ಉಪವಾಸದ ದಿನವೂ ಗುಟುಕು ನೀರಿನೊಡನೆ ನುಂಗಲಿ. ಶಿವರಾತ್ರಿ ಜಾಗರಣೆ ಬೇಡ, ನಿದ್ದೆಗೆಟ್ಟರೆ ಫಿಟ್ಸ್ ಮರಳಬಹುದು. ಒಂದು ಹೊತ್ತು ಮರೆತರೆ ನೆನಪಾದಾಗ ಕೊಡಿ; ಮುಂದಿನ ಹೊತ್ತು ಹತ್ತಿರವಾಗಿದ್ದರೆ ಅದೊಂದನ್ನೇ ಕೊಡಿ, ಎರಡನ್ನು ಸೇರಿಸಬೇಡಿ.

ಫಿಟ್ಸ್ ಬಂದರೆ ಕೈಗೆ ಬೀಗದಕೈ, ಕಬ್ಬಿಣ ಹಿಡಿಸಬೇಡಿ, ಬಾಯಿಗೆ ಏನನ್ನೂ ಇಡಬೇಡಿ. ಒಂದು ಮಗ್ಗುಲಿಗೆ ಹೊರಳಿಸಿ ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮೊದಲೇ ಇನ್ನೊಮ್ಮೆ ಬಂದರೆ, 108ಕ್ಕೆ ಕರೆ ಮಾಡಿ.