ಏಪ್ರಿಲ್ ಶುರುವಲ್ಲಿ ಮನಾಲಿಯಿಂದ ಜಿಸ್ಪಾ ತನಕ ಬೈಕಲ್ಲಿ ಹೋಗ್ಬೋದಾ? ರೋಡಲ್ಲಿ ಐಸ್ ಸಿಕ್ಕಿದ್ರೆ ಹೇಗೆ ಓಡಿಸ್ಬೇಕು?

ಹೋಗ್ಬೋದು, ಆದ್ರೆ ಬೆಳಿಗ್ಗೆ 5 ಗಂಟೆಗೆ ಹೊರಡೋ ಪ್ಲಾನ್ ಮೊದ್ಲು ಕೈಬಿಡಿ. ನೀವು ಬರ್ದಿರೋ ಪ್ರಕಾರ ಹಿಮಾಲಯನ್ ಬೈಕು, ಹಿಂದೆ ಹೆಂಡ್ತಿ, ಏಪ್ರಿಲ್ ಮೊದಲ್ನೇ ವಾರ, ಬೆಳಗಿನ ಜಾವ ಮನಾಲಿ ಬಿಟ್ಟು ಅಟಲ್ ಟನಲ್ ದಾಟಿ ಆ ಕಡೆ ಲಾಹೌಲ್ ಕಣಿವೆಯ ಸಿಸ್ಸು, ಕೇಲಾಂಗ್, ಜಿಸ್ಪಾ ನೋಡ್ಕೊಂಡು ಅವತ್ತೇ ಸಂಜೆ ವಾಪಸ್. ಬೇಗ ಹೊರಡಿ ಅಂತ ಲಡಾಖ್ ಹೋಗಿ ಬಂದವರೆಲ್ಲ ಹೇಳ್ತಾರೆ, ಜುಲೈ ಆಗಸ್ಟಿಗೆ ಅದು ಸರಿನೇ, ಯಾಕಂದ್ರೆ ಮಧ್ಯಾಹ್ನ ಬಿಸಿಲಿಗೆ ಹಿಮ ಕರಗಿ ರೋಡಿಗೆ ಅಡ್ಡ ಹರಿಯೋ ನಾಲಾಗಳಲ್ಲಿ ನೀರು ಏರತ್ತೆ, ಬೆಳಿಗ್ಗೆ ಹೋದ್ರೆ ಕಮ್ಮಿ ಇರತ್ತೆ. ಏಪ್ರಿಲ್ ಶುರುವಲ್ಲಿ ಅದೇ ಸಲಹೆ ನಿಮ್ಮನ್ನ ಬೀಳಿಸತ್ತೆ. ನಾನು ಬೆಂಗಳೂರಿನವನೇ, ಈಗ ಮನಾಲಿಯಲ್ಲಿ ಬೈಕ್ ಗ್ರೂಪುಗಳ ಹಿಂದೆ ಬ್ಯಾಕಪ್ ಗಾಡಿ ಓಡಿಸೋ ಕೆಲ್ಸ, ಬಿದ್ದವರನ್ನ ಎತ್ತೋದು ನಾವೇ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ.

ಏನಾಗತ್ತೆ ಅಂದ್ರೆ, ಹಗಲು ರೋಡಿನ ಪಕ್ಕದಲ್ಲಿರೋ ಹಿಮದ ಗೋಡೆ ಕರಗತ್ತೆ, ಆ ನೀರು ಬೆಟ್ಟದ ಕಡೆಯಿಂದ ಕಣಿವೆ ಕಡೆಗೆ ರೋಡಿಗೆ ಅಡ್ಡ ಹರಿಯತ್ತೆ, ರಾತ್ರಿ ಟೆಂಪರೇಚರ್ ಸೊನ್ನೆಗಿಂತ ಕೆಳಗಿಳಿದಾಗ ಅಲ್ಲೇ ಗಟ್ಟಿಯಾಗತ್ತೆ. ಇದನ್ನೇ ಬ್ಲ್ಯಾಕ್ ಐಸ್ ಅನ್ನೋದು. ಅದಕ್ಕೆ ಅದರದ್ದೇ ಆದ ಬಣ್ಣ ಇಲ್ಲ, ಕೆಳಗಿನ ಡಾಂಬರೇ ಕಾಣತ್ತೆ, ಸ್ವಲ್ಪ ಒದ್ದೆಯಾಗಿದೆ ಅಷ್ಟೇ ಅನ್ಸತ್ತೆ. ಹೋದ ಸೀಸನಲ್ಲಿ ಸಿಸ್ಸು ಹತ್ರ ಒಂದು ತಿರುವಲ್ಲಿ ನಿಲ್ಸಿ ಇಳಿದು ನೋಡ್ದೆ. ಎರಡು ಮೂರು ಅಡಿ ಅಗಲದ ಪಟ್ಟಿ, ಅಂಚಲ್ಲಿ ಮಾತ್ರ ಬಿಳಿ ಗುಳ್ಳೆಗಳು ಒಳಗೆ ಸಿಕ್ಕಾಕೊಂಡಿದ್ವು, ನಡುವೆ ಕಣ್ಣಿಗೆ ಏನೂ ಕಾಣ್ತಿರ್ಲಿಲ್ಲ, ಬೂಟಿನ ಹಿಮ್ಮಡಿ ಊರಿ ಒತ್ತಿದ್ರೆ ಗೀರು ಕೂಡ ಬೀಳ್ದೆ ಕಾಲು ಹಾಗೇ ಕಣಿವೆ ಕಡೆ ಜಾರ್ತು. ಎದುರಿಂದ ಬಂದ ಟಿಪ್ಪರ್ ಡ್ರೈವರ್ ಮಾತಾಡ್ದೆ ಸಲಿಕೆ ತಗೊಂಡು ರೋಡ್ ಪಕ್ಕದ ಮಣ್ಣನ್ನ ನಾಕು ಸಲ ಎರಚಿ, ಅದರ ಮೇಲೆ ಗಾಡಿ ತಗೊಂಡು ಹೋದ. ಮಧ್ಯಾಹ್ನ ಅದೇ ಜಾಗದಲ್ಲಿ ಬಿಸಿಲು ಬಿದ್ದು ಬರೀ ನೀರಿತ್ತು.

ಅದಕ್ಕೇ ಹೇಳೋದು, ಇಲ್ಲಿ ನಿಮ್ಮ ರೈಡಿಂಗ್ ಸ್ಕಿಲ್‌ಗಿಂತ ನೀವು ಯಾವ ಟೈಮಲ್ಲಿ ಎಲ್ಲಿರ್ತೀರಿ ಅನ್ನೋದೇ ಮುಖ್ಯ. ಮನಾಲಿ ಬಿಡೋದು ಬಿಸಿಲು ಚೆನ್ನಾಗಿ ಏರಿದ ಮೇಲೆ, 9 ಅಥವಾ 9:30ಕ್ಕೆ, ಮಧ್ಯಾಹ್ನ 3ರ ಒಳಗೆ ತಲುಪಬೇಕಾದ ಜಾಗ ತಲುಪಿ ಬೈಕ್ ನಿಲ್ಲಿಸ್ಬಿಡಿ. ಜಿಸ್ಪಾ ಒಂದು ಕಡೆಗೆ ಸುಮಾರು 95 ಕಿಮೀ, ಅಂದ್ರೆ ಅವತ್ತೇ ಹೋಗಿ ಬರೋದು ಈ ಟೈಮ್ ಒಳಗೆ ಕೂರಲ್ಲ, ಕೇಲಾಂಗಲ್ಲೋ ಜಿಸ್ಪಾದಲ್ಲೋ ಒಂದು ರಾತ್ರಿ ಉಳ್ಕೊಳಿ. ಸಂಜೆ 4 ಆದ್ಮೇಲೆ ಬೆಟ್ಟದ ನೆರಳು ರೋಡಿಗೆ ಬಿದ್ದ ಕಡೆ ಮತ್ತೆ ಗಟ್ಟಿಯಾಗೋಕೆ ಶುರು, ಆ ವಾಪಸ್ ಬರೋ ಹೊತ್ತಲ್ಲೇ ಸುಸ್ತಾಗಿ ಅವಸರದಲ್ಲಿ ಬಂದು ಬೀಳೋರು ಜಾಸ್ತಿ.

ಫೋನಲ್ಲಿ ಮನಾಲಿ ಟೆಂಪರೇಚರ್ ನೋಡಿ ಲೆಕ್ಕ ಹಾಕ್ಬೇಡಿ. ಮನಾಲಿ ಇರೋದು ಸುಮಾರು 2050 ಮೀಟರ್ ಎತ್ತರದಲ್ಲಿ, ಟನಲ್ ಬಾಯಿ 3000 ಮೀಟರ್ ಮೇಲೆ. ಸಾವಿರ ಮೀಟರ್ ಏರಿದ್ರೆ ಆರೂವರೆ ಡಿಗ್ರಿ ಇಳಿಯತ್ತೆ ಅಂತ ಇಟ್ಕೊಳಿ, ಮನಾಲಿಯಲ್ಲಿ 6 ತೋರಿಸ್ತಿದ್ರೆ ಮೇಲೆ ಸೊನ್ನೆ. ಗಾಳಿ 3-4 ಡಿಗ್ರಿ ತೋರಿಸಿದ್ರೂ ನೆರಳಲ್ಲಿರೋ ರೋಡ್ ಮೈ ಸೊನ್ನೆಗಿಂತ ಕೆಳಗಿರ್ಬೋದು. ಇನ್ನೊಂದು, ಟನಲ್ 9 ಕಿಮೀ ಉದ್ದ ಇದೆ, ಈ ಕಡೆ ಕುಲ್ಲು ಕಣಿವೇಲಿ ಆಕಾಶ ಕ್ಲಿಯರ್ ಇದ್ದು ಆ ಕಡೆ ಲಾಹೌಲಲ್ಲಿ ಹಿಮ ಬೀಳ್ತಿರೋದು ಸಾಮಾನ್ಯ. ಒಳಗೆ ಆರಾಮಾಗಿ ಬಂದ ಸ್ಪೀಡಲ್ಲೇ ಹೊರಗೆ ಬರ್ಬೇಡಿ, ಬಾಯಿ ಕಾಣ್ತಿದ್ದ ಹಾಗೇ ಇಳಿಸ್ಕೊಳಿ. ಮನಾಲಿ ದಾಟಿದ್ಮೇಲೆ ಸಿಗೋ ಸೋಲಂಗಿಂದ ಟನಲ್ ತನಕ, ಮತ್ತೆ ಟನಲಿಂದ ಸಿಸ್ಸು ತನಕ, ಇವೆರಡೇ ಜಾಸ್ತಿ ಕಾಡೋ ಜಾಗಗಳು.

ಗುರುತು ಹಿಡಿಯೋಕೆ ನಾನು ನೋಡೋದು ಮುಂದಿನ ಗಾಡಿ ಟೈರು. ರೋಡ್ ಒದ್ದೆ ಕಾಣ್ತಿದೆ, ಆದ್ರೆ ಮುಂದಿನ ಗಾಡಿ ಟೈರಿಂದ ನೀರು ಚಿಮ್ಮೋದು ನಿಂತ್ಹೋಯ್ತು ಅಂದ್ರೆ ಅದು ನೀರಲ್ಲ. ಸೇತುವೆಗಳ ಬಗ್ಗೆ ವಿಶೇಷ ಹುಷಾರಿರಿ, ಕೆಳಗಿಂದಾನೂ ಗಾಳಿ ಆಡೋದ್ರಿಂದ ರೋಡಿಗಿಂತ ಮುಂಚೆ ಅವೇ ಹೆಪ್ಪುಗಟ್ಟೋದು, ಅದ್ರಲ್ಲೂ ಕಬ್ಬಿಣದ ತಗಡು ಹಾಸಿರೋ ಬೈಲಿ ಬ್ರಿಡ್ಜ್ ಆದ್ರೆ ಇನ್ನೂ ಕಷ್ಟ.

ಓಡಿಸೋ ವಿಷ್ಯಕ್ಕೆ ಬರೋಣ. ಮಲೆನಾಡಲ್ಲಿ ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ನಡೆದಿದ್ರೆ ನಿಮ್ಗೆ ಅರ್ಧ ಪಾಠ ಗೊತ್ತು: ಯಾವುದನ್ನೂ ಥಟ್ ಅಂತ ಮಾಡಂಗಿಲ್ಲ. ಒಣ ಡಾಂಬರಲ್ಲಿ 40 ಸ್ಪೀಡಿಂದ ಜೋರಾಗಿ ಬ್ರೇಕ್ ಹಾಕಿದ್ರೆ ಬೈಕು ಸುಮಾರು 9 ಮೀಟರಲ್ಲಿ ನಿಲ್ಲತ್ತೆ, ಒದ್ದೆ ಐಸಲ್ಲಿ ಲೆಕ್ಕ ಹಾಕಿದ್ರೆ 60 ಮೀಟರ್ ದಾಟತ್ತೆ, ಅದೂ ಅಲ್ಲಿ ತನಕ ನೀವು ಬೀಳ್ದೇ ಇದ್ರೆ. ಬೈಕ್ ವಾಲಿಸೋಕೆ ಸಿಗೋದು ಬರೀ ಐದಾರು ಡಿಗ್ರಿ, ಅಂದ್ರೆ ಹೆಚ್ಚುಕಮ್ಮಿ ನೆಟ್ಟಗೇ ಇರ್ಬೇಕು. ಹಾಗಾಗಿ ಸ್ಪೀಡ್ ಇಳಿಸೋ ಕೆಲ್ಸ ಪೂರ್ತಿ ಐಸ್ ಬರೋ ಮುಂಚೆ ಒಣ ರೋಡಲ್ಲೇ ಮುಗ್ಸಿ, ಐಸ್ ಮೇಲೆ ಬಂದ್ಮೇಲೆ ಬ್ರೇಕೂ ಬೇಡ, ಆಕ್ಸಿಲರೇಟರ್ ಕೊಡೋದೂ ಬೇಡ, ದಬಕ್ ಅಂತ ಬಿಡೋದೂ ಬೇಡ, ಹ್ಯಾಂಡಲ್ ತಿರುಗಿಸೋದೂ ಬೇಡ, ಕಣ್ಣು ಆಚೆ ಕಡೆ ಒಣ ಜಾಗದ ಮೇಲಿಟ್ಟು ಹೇಗಿದೆಯೋ ಹಾಗೇ ಉರುಳ್ಕೊಂಡು ಹೋಗ್ಲಿ. ಲೋ ಗೇರಲ್ಲಿ ಆಕ್ಸಿಲರೇಟರ್ ತಟ್ಟನೆ ಬಿಟ್ರೆ ಎಂಜಿನ್ ಬ್ರೇಕಿಂಗಿಗೇ ಹಿಂದಿನ ಚಕ್ರ ಜಾರತ್ತೆ, ಇದು ತುಂಬಾ ಜನರಿಗೆ ಗೊತ್ತಿಲ್ಲ, ಬ್ರೇಕೇ ಮುಟ್ಟಿಲ್ಲ ಆದ್ರೂ ಬಿದ್ದೆ ಅಂತಾರೆ. ಜಾರೋಕೆ ಶುರುವಾದ್ರೆ ಕ್ಲಚ್ ಹಿಡೀರಿ. ಎಬಿಎಸ್ ಇದೆಯಲ್ಲ ಅನ್ಕೋಬೇಡಿ, ಅದು ಚಕ್ರ ಲಾಕ್ ಆಗ್ದಂಗೆ ನೋಡ್ಕೊಳತ್ತೆ ಅಷ್ಟೇ, ಇಲ್ದಿರೋ ಗ್ರಿಪ್ ಎಲ್ಲಿಂದ ತರತ್ತೆ. ಹಿಂದಿನ ಎಬಿಎಸ್ ಆಫ್ ಮಾಡೋ ಸ್ವಿಚ್ ಇದ್ರೆ ಆನಲ್ಲೇ ಇರ್ಲಿ.

ಉದ್ದಕ್ಕೆ ಐಸ್ ಇದೆ, ಇಳಿಜಾರು ಬೇರೆ ಅಂದ್ರೆ ಓಡಿಸ್ಲೇಬೇಡಿ. ದೂರದಲ್ಲೇ ನಿಲ್ಸಿ, ನಡ್ಕೊಂಡು ಹೋಗಿ ನೋಡಿ, ಮಣ್ಣು ಎರಚಿ, ಇಲ್ಲಾ ಬಿಸಿಲು ಬರೋ ತನಕ ಚಾ ಕುಡೀತಾ ಕೂತ್ಕೊಳಿ. ದಾಟ್ಲೇಬೇಕು ಅಂದ್ರೆ ಹೆಂಡ್ತಿನ ಇಳ್ಸಿ, ಫಸ್ಟ್ ಗೇರಲ್ಲಿ ನಡಿಗೆ ಸ್ಪೀಡಲ್ಲಿ, ಎರಡೂ ಕಾಲು ನೆಲಕ್ಕೆ ತಾಗಿಸ್ಕೊಂಡು, ಬೆಟ್ಟದ ಕಡೆಗೆ ಹತ್ರ ಇಟ್ಕೊಂಡು ಹೋಗಿ. ಬಿದ್ರೂ ಬೆಟ್ಟದ ಕಡೆ ಬೀಳ್ಬೇಕು. ಟೈರಿಗೆ ಹಗ್ಗ ಸುತ್ತೋದು, ಚೈನ್ ಕಟ್ಟೋದು ವಿಡಿಯೋಗಳಲ್ಲಿ ನೋಡಿರ್ತೀರ, ಸ್ವಲ್ಪ ದೂರ ನಿಧಾನಕ್ಕೆ ಹೋಗೋಕೆ ಕೆಲ್ಸ ಮಾಡತ್ತೆ, ಆದ್ರೆ ಅದನ್ನ ನಂಬಿ ಸ್ಪೀಡ್ ಏರಿಸಿದ್ರೆ ಬಿಚ್ಕೊಂಡು ಚಕ್ರಕ್ಕೇ ಸಿಕ್ಕಾಕೊಳತ್ತೆ.

ಐಸ್ ಹೋದ್ಮೇಲೂ ಎರಡು ವಿಷ್ಯ. ಚಳಿಗಾಲದಲ್ಲಿ ಹಾಕಿದ ಮರಳು ಜಲ್ಲಿ ಒಣಗಿ ತಿರುವುಗಳಲ್ಲಿ ಗುಡ್ಡೆ ಬಿದ್ದಿರತ್ತೆ. ಮತ್ತೆ ಮಧ್ಯಾಹ್ನ ಕರಗೋ ಹೊತ್ತಲ್ಲಿ ಮೇಲಿಂದ ಕಲ್ಲು, ಹಿಮ ಕುಸಿಯತ್ತೆ, ಬೆಟ್ಟದ ಬುಡದಲ್ಲಿ ಫೋಟೋಗೆ ಅಂತ ನಿಲ್ಬೇಡಿ.

ಕೈ ಬೆರಳು ಬಿಸಿ ಇಟ್ಕೊಳೋದನ್ನ ಕಂಫರ್ಟ್ ಅಂತ ತಿಳೀಬೇಡಿ, ಅದು ಬ್ರೇಕಿನಷ್ಟೇ ಮುಖ್ಯ. ಗಾಳಿ 5 ಡಿಗ್ರಿ ಇದ್ದು ನೀವು 60ರಲ್ಲಿ ಹೋಗ್ತಿದ್ರೆ ಮೈಗೆ ಸುಮಾರು ಮೈನಸ್ 2ರಂತೆ ತಾಗತ್ತೆ, ಅರ್ಧ ಗಂಟೇಲಿ ಲಿವರ್ ಎಷ್ಟು ಒತ್ತಿದೀನಿ ಅನ್ನೋದೇ ಗೊತ್ತಾಗಲ್ಲ. ಒಳಗೊಂದು ತೆಳು ಉಣ್ಣೆ ಗ್ಲೌಸ್, ಮೇಲೆ ವಾಟರ್‌ಪ್ರೂಫ್, ಆದ್ರೆ ಲಿವರ್ ಸಲೀಸಾಗಿ ಹಿಡಿಯೋಕೆ ಆಗ್ಬೇಕು. ಟೈರ್ ಪ್ರೆಷರ್ ಬೆಳಿಗ್ಗೆ ತಣ್ಣಗಿದ್ದಾಗ ಚೆಕ್ ಮಾಡಿ, 5-6 ಡಿಗ್ರಿ ಇಳಿದ್ರೆ ಒಂದು ಪಿಎಸ್‌ಐ ಇಳಿಯತ್ತೆ. ಬೆಂಗಳೂರಲ್ಲಿ ಸವೆದಿರೋ ಟೈರಲ್ಲಿ ಬರ್ಲೇಬೇಡಿ, ಚಳಿಗೆ ರಬ್ಬರ್ ಗಟ್ಟಿಯಾಗಿ ಇರೋ ಗ್ರಿಪ್ಪೂ ಹೋಗತ್ತೆ.

ಹಿಂದಿನ ದಿನ ಲಾಹೌಲ್-ಸ್ಪಿಟಿ ಪೊಲೀಸರು ಸೋಷಿಯಲ್ ಮೀಡಿಯಾದಲ್ಲಿ ಹಾಕೋ ರೋಡ್ ಸ್ಟೇಟಸ್ ನೋಡಿ. ಹಿಮ ಬಿದ್ದ್ಮೇಲೆ ಫೋರ್ ಬೈ ಫೋರ್ ಅಥವಾ ಚೈನ್ ಹಾಕಿದ ಗಾಡಿಗಳನ್ನ ಮಾತ್ರ ಬಿಡ್ತಾರೆ, ಆಗ ಪೊಲೀಸ್ ಚೆಕ್‌ಪೋಸ್ಟಲ್ಲಿ ನಿಂತು ಬೇಡ್ಕೊಳೋದು ಬೇಡ, ದಯವಿಟ್ಟು ವಾಪಸ್ ತಿರುಗ್ಸಿ. ಇನ್ನು ನಿಮ್ಮ ಹೆಂಡ್ತಿ ವಿಷ್ಯ: ಮನಾಲಿಯಿಂದ ಕೇಲಾಂಗಿಗೆ ಸರ್ಕಾರಿ ಬಸ್ಸು ಟನಲಲ್ಲೇ ಹೋಗತ್ತೆ, ರೋಡ್ ಡೌಟ್ ಅನ್ಸಿದ ದಿನ ಅವರು ಲಗೇಜ್ ತಗೊಂಡು ಬಸ್ಸಲ್ಲಿ ಬರ್ಲಿ, ನೀವು ಖಾಲಿ ಬೈಕಲ್ಲಿ ಹಿಂದೆ ಬನ್ನಿ. ಡೇಟ್ ಪಕ್ಕಾ ಆದ್ರೆ ಟೈರಿನ ಫೋಟೋ ಒಂದು ಇಲ್ಲೇ ಹಾಕಿ, ನೋಡಿ ಹೇಳ್ತೀನಿ.