ಕಾರಿನ ಅಲಾರಂ ಸುಮ್ಮಸುಮ್ನೆ ಕೂಗಿದರೆ ಏನು ಮಾಡೋದು?

ಕಾರು-ಬೈಕು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಹೋದ ವರ್ಷ 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಒಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ. ಹಳೇ ಓನರ್ ಯಾವುದೋ ಆಕ್ಸೆಸರೀಸ್ ಅಂಗಡಿಯಲ್ಲಿ ಅಲಾರಂ ಹಾಕಿಸಿದ್ದರು. ಈಗ ಅದು ಮೂರು ಥರ ಕಾಟ ಕೊಡುತ್ತಿದೆ. ರಾತ್ರಿ ಮನೆ ಮುಂದೆ ನಿಲ್ಲಿಸಿದರೆ ಯಾರೂ ಮುಟ್ಟದಿದ್ದರೂ ಕೂಗುತ್ತದೆ, ಎದುರು ಮನೆಯವರು ಬಂದು ಬೈದು ಹೋಗಿದ್ದೂ ಆಯಿತು. ಶುಕ್ರವಾರ ಸಂಜೆ ನಿಲ್ಲಿಸಿದ ಕಾರನ್ನು ಸೋಮವಾರ ಬೆಳಗ್ಗೆ ತೆಗೆಯೋಣ ಅಂದರೆ ಸೆಲ್ಫ್ ಎತ್ತುವುದೇ ಇಲ್ಲ. ಎಲ್ಲಕ್ಕಿಂತ ಹೆದರಿಕೆ ಆಗಿದ್ದು ಇದಕ್ಕೆ: ಹೆಬ್ಬಾಳ ಫ್ಲೈಓವರ್ ಮೇಲೆ ಹೋಗುತ್ತಿದ್ದಾಗ ಇಂಜಿನ್ ಇದ್ದಕ್ಕಿದ್ದ ಹಾಗೆ ಆಫ್ ಆಯಿತು. ಸ್ಟಿಯರಿಂಗ್ ಕೆಳಗೆ ಬಗ್ಗಿ ನೋಡಿದರೆ ಕಪ್ಪು ಟೇಪ್ ಸುತ್ತಿದ ವೈರ್‌ಗಳ ಗೊಂಚಲೇ ನೇತಾಡುತ್ತಿದೆ. ನನಗೆ ಮನೆ ವೈರಿಂಗ್ ಸ್ವಲ್ಪ ಗೊತ್ತು, ಮಲ್ಟಿಮೀಟರ್ ಇದೆ. ನಾನೇ ಸರಿ ಮಾಡಬಹುದಾ, ಇಲ್ಲಾ ಅಲಾರಂ ಕಿತ್ತು ಎಸೆಯಲಾ?
– ಓದುಗರು, ವಿಜಯನಗರ

ಉತ್ತರ: ಎಸೆಯಬೇಡಿ, ನೀವೇ ಸರಿ ಮಾಡಬಹುದು. ಆದರೆ ಒಂದು ಮಾತು ಕೇಳಿ. ಇಂಜಿನ್ ಆಫ್ ಆಗುವ ತೊಂದರೆ ಬಗೆಹರಿಯುವ ತನಕ ಆ ಕಾರನ್ನು ರಸ್ತೆಗೆ ಇಳಿಸಬೇಡಿ. ರಾತ್ರಿ ಕೂಗಿದರೆ ಅಕ್ಕಪಕ್ಕದವರ ನಿದ್ದೆ ಹಾಳು, ಬ್ಯಾಟರಿ ಇಳಿದರೆ ನಿಮ್ಮ ಆಫೀಸಿಗೆ ಲೇಟು. ಫ್ಲೈಓವರ್ ಮೇಲೆ ಇಂಜಿನ್ ನಿಂತರೆ ಪವರ್ ಸ್ಟಿಯರಿಂಗ್ ಬಿಗಿಯಾಗುತ್ತದೆ, ಬ್ರೇಕ್ ಎರಡು ಮೂರು ಸಲ ಒತ್ತಿದ ಮೇಲೆ ಕಲ್ಲಿನ ಹಾಗಾಗುತ್ತದೆ, ಹಿಂದೆ ಟೆಂಪೋ ಬರುತ್ತಿರುತ್ತದೆ. ಅದು ಬೇರೆಯೇ ಲೆಕ್ಕ.

ನೀವು ಬರೆದಿದ್ದನ್ನು ಓದಿದರೆ ನನಗೆ ಅನುಮಾನ ಬರುವುದು ಅಲಾರಂ ಡಬ್ಬಿಯ ಮೇಲಲ್ಲ, ಒಂದು ರಿಲೇ ಮೇಲೆ, ಅಂದರೆ ಕರೆಂಟ್ ಕೊಟ್ಟಾಗ ತಾನೇ ಆನ್-ಆಫ್ ಆಗುವ ಸ್ವಿಚ್. ಇಂಥ ಅಲಾರಂಗಳ ಜೊತೆ ಇಂಜಿನ್ ಕಟ್ ಮಾಡುವ ಒಂದು ರಿಲೇ ಬರುತ್ತದೆ. ಕಪ್ಪು ಬಣ್ಣದ ಸಣ್ಣ ಚೌಕದ ಪೆಟ್ಟಿಗೆ, ಐದು ಕಾಲು, ಕಾಲುಗಳ ಪಕ್ಕದಲ್ಲಿ 30, 85, 86, 87, 87ಎ ಅಂತ ಅಚ್ಚಾಗಿರುತ್ತದೆ. 85 ಮತ್ತು 86 ಕಾಯಿಲ್‌ನವು, ಅಂದರೆ ಸ್ವಿಚ್ಚನ್ನು ಎಳೆಯುವ ಒಳಗಿನ ತಂತಿ ಸುರುಳಿಯವು. 30 ಮತ್ತು 87ಎ ನಡುವೆ ರಿಲೇಗೆ ಕರೆಂಟ್ ಇಲ್ಲದಾಗ ಸಂಪರ್ಕ ಇರುತ್ತದೆ, ಕರೆಂಟ್ ಬಂದರೆ ಬಿಡುತ್ತದೆ. ಕಾರಿನ ಒಂದು ಮೂಲ ವೈರ್ ಕತ್ತರಿಸಿ ಅದರ ಎರಡು ತುದಿಗಳನ್ನು ಈ 30, 87ಎ ಕಾಲುಗಳಿಗೆ ಕೊಟ್ಟಿರುತ್ತಾರೆ. ಯಾವ ವೈರ್ ಕತ್ತರಿಸಿದ್ದಾರೆ ಅನ್ನುವುದರಲ್ಲೇ ಎಲ್ಲ ಇದೆ.

ಅದನ್ನು ಮೀಟರ್‌ನಲ್ಲಿ ನೋಡುವುದು ಸುಲಭ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಿ. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಕಪ್ಪು ಪ್ರೋಬನ್ನು ಬಾಡಿಗೆ ಹಿಡಿದು, ಕೀ ಸ್ವಿಚ್ ಕಡೆಯಿಂದ ರಿಲೇಗೆ ಬರುವ ದಪ್ಪ ವೈರ್ ಮೇಲೆ ಕೆಂಪು ಪ್ರೋಬ್ ಇಡಿ. ಕೀ ಆನ್ ಮಾಡಿದ ಕೂಡಲೇ 12 ವೋಲ್ಟ್ ಬಂದರೆ ಅದು ಇಗ್ನಿಷನ್ ಅಥವಾ ಪೆಟ್ರೋಲ್ ಪಂಪ್ ಲೈನ್. ಸೆಲ್ಫ್ ಹೊಡೆಯುವಾಗ ಮಾತ್ರ ಬಂದರೆ ಸ್ಟಾರ್ಟರ್ ಲೈನ್. ನಿಮ್ಮದು ಮೊದಲನೆಯದೇ ಇರಬೇಕು, ಯಾಕೆಂದರೆ ಸ್ಟಾರ್ಟರ್ ಲೈನ್‌ನಲ್ಲಿ ಜಾಯಿಂಟ್ ಲೂಸ್ ಆದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ ಅಷ್ಟೇ, ಓಡುವ ಗಾಡಿ ನಿಲ್ಲುವುದಿಲ್ಲ. ಓಡುವ ಇಂಜಿನ್ನನ್ನು ಕಟ್ ಮಾಡಬಲ್ಲ ಜಾಗದಲ್ಲಿ ಟೇಪ್ ಸುತ್ತಿದ ಜಾಯಿಂಟ್ ಇಡುವುದು ತಪ್ಪು ಕೆಲಸ. ಹಾಗೆ ಮಾಡುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಇನ್ನು ಸೋಮವಾರದ ಬ್ಯಾಟರಿ ವಿಷಯ. ಇದಕ್ಕೂ ಅದೇ ರಿಲೇ ಕಾರಣ ಇರಬಹುದು. ರಿಲೇ ಕಾಯಿಲ್ ಸುಮಾರು 150 ಮಿಲಿಆಂಪ್ ತಿನ್ನುತ್ತದೆ. ಕಾಯಿಲ್‌ನ ಪ್ಲಸ್ ವೈರನ್ನು ಇಗ್ನಿಷನ್ನಿಂದ ತಗೊಂಡಿದ್ದರೆ ಕೀ ತೆಗೆದ ಮೇಲೆ ಅದು ತಿನ್ನುವುದು ಸೊನ್ನೆ. ಸೋಮಾರಿತನಕ್ಕೆ ಬ್ಯಾಟರಿಯ ನೇರ ಪ್ಲಸ್‌ನಿಂದ ತಗೊಂಡಿದ್ದರೆ, ಅಲಾರಂ ಲಾಕ್ ಆಗಿರುವಷ್ಟು ಹೊತ್ತೂ ಎಳೆಯುತ್ತಲೇ ಇರುತ್ತದೆ. ಅಲಾರಂನದೂ ಸೇರಿ 180 ಮಿಲಿಆಂಪ್ ಅಂದುಕೊಳ್ಳಿ, ದಿನಕ್ಕೆ 4 ಆಂಪ್-ಅವರ್‌ಗಿಂತ ಜಾಸ್ತಿ ಆಯಿತು. ಸಣ್ಣ ಕಾರಿನ 35 ಆಂಪ್-ಅವರ್ ಬ್ಯಾಟರಿ, ಅದೂ ಸ್ವಲ್ಪ ಹಳೇದಾಗಿದ್ದರೆ, ವೀಕೆಂಡ್ ಕಳೆಯುವಷ್ಟರಲ್ಲಿ ಸೋತು ಹೋಗುತ್ತದೆ. ಹೊಸ ಬ್ಯಾಟರಿ ಹಾಕಿಸಿ ಅಂತ ಯಾರಾದರೂ ಹೇಳುವ ಮೊದಲು ಇದನ್ನು ಅಳೆದು ನೋಡಿ.

ಅಳೆಯುವುದು ಹೀಗೆ. ಮೀಟರ್‌ನ ಕೆಂಪು ಪ್ರೋಬನ್ನು 10 ಆಂಪ್ ತೂತಿಗೆ ಹಾಕಿ. ಬ್ಯಾಟರಿಯ ನೆಗೆಟಿವ್ ಕ್ಲಾಂಪ್ ಬಿಚ್ಚಿ, ಆ ಕ್ಲಾಂಪ್ ಮತ್ತು ನೆಗೆಟಿವ್ ಟರ್ಮಿನಲ್ ನಡುವೆ ಮೀಟರ್ ಸೇರಿಸಿ. ಬಾನೆಟ್‌ಗೆ ಅಲಾರಂ ಸ್ವಿಚ್ ಇದ್ದರೆ ಅದನ್ನು ಒತ್ತಿ ಕಟ್ಟಿಡಿ, ಬಾಗಿಲು ಹಾಕಿ ರಿಮೋಟ್‌ನಲ್ಲಿ ಲಾಕ್ ಮಾಡಿ. ಕೀ ನಿಮ್ಮ ಜೇಬಿನಲ್ಲೇ ಇರಲಿ, ಒಳಗೆ ಬಿಡಬೇಡಿ. ಮೊದಲು ಜಾಸ್ತಿ ತೋರಿಸುತ್ತದೆ, ಅರ್ಧ ಗಂಟೆ ಬಿಟ್ಟು ನೋಡಿ. 50 ಮಿಲಿಆಂಪ್ ಒಳಗಿದ್ದರೆ ಚಿಂತೆ ಇಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ಅಲಾರಂನ ಫ್ಯೂಸ್ ಕೀಳಿ, ರೀಡಿಂಗ್ ದಬಕ್ಕನೆ ಇಳಿದರೆ ಕಳ್ಳ ಸಿಕ್ಕಿದ ಹಾಗೆ. ಮೀಟರ್ ಸೇರಿಸಿರುವಾಗ ಮಾತ್ರ ಸೆಲ್ಫ್ ಹೊಡೆಯಬೇಡಿ, ಮೀಟರ್‌ನ ಫ್ಯೂಸ್ ಸುಟ್ಟು ಹೋಗುತ್ತದೆ.

ಈಗ ವೈರ್ ಬಿಚ್ಚುವ ಕೆಲಸ. ನೆಗೆಟಿವ್ ಕ್ಲಾಂಪ್ ಬಿಚ್ಚಿ ಹತ್ತು ನಿಮಿಷ ಸುಮ್ನೆ ಬಿಡಿ, ಏರ್‌ಬ್ಯಾಗ್ ಇರುವ ಕಾರಾದರೆ ಇದು ಕಡ್ಡಾಯ. ಕೆಲವು ಸೈರನ್‌ಗಳ ಒಳಗೇ ಸಣ್ಣ ಬ್ಯಾಟರಿ ಇರುತ್ತದೆ, ಕ್ಲಾಂಪ್ ತೆಗೆದ ಕೂಡಲೇ ಅರಚುತ್ತವೆ. ಅಂಥದ್ದಾದರೆ ಅದರ ಪುಟ್ಟ ಕೀಲಿಯಿಂದ ಮೊದಲೇ ಆಫ್ ಮಾಡಿ. ಸ್ಟಿಯರಿಂಗ್ ಕೆಳಗೆ ಹಳದಿ ಸ್ಲೀವ್ ಅಥವಾ ಹಳದಿ ಕಪ್ಲರ್ (ವೈರ್‌ಗಳನ್ನು ಜೋಡಿಸುವ ಪ್ಲಗ್) ಕಂಡರೆ ಅದು ಏರ್‌ಬ್ಯಾಗ್‌ನದು. ಮುಟ್ಟಬೇಡಿ, ಮೀಟರ್ ಪ್ರೋಬ್ ಕೂಡ ಇಡಬೇಡಿ.

ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ಹರಡಿಕೊಳ್ಳಬೇಡಿ ದಯವಿಟ್ಟು. ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಒಂದು ವೈರ್ ಹಿಡಿದು ಅದು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ನೋಡಿ, ತುದಿಗೆ ಪೇಪರ್ ಟೇಪ್ ಅಂಟಿಸಿ ಪೆನ್‌ನಲ್ಲಿ ಬರೆಯಿರಿ, ಆಮೇಲೆ ಮುಂದಿನದು. ಬಣ್ಣ ನಂಬಬೇಡಿ. ಕೆಂಪು ಪ್ಲಸ್, ಕಪ್ಪು ಅರ್ತ್ ಅನ್ನುವಷ್ಟು ಸಾಮಾನ್ಯವಾಗಿ ಸರಿ ಇರುತ್ತದೆ, ಉಳಿದಿದ್ದು ಒಂದೊಂದು ಕಂಪನಿಯದು ಒಂದೊಂದು ಥರ.

ಆ ಟೇಪ್ ಬಿಚ್ಚಿದಾಗ ನಿಮಗೆ ಕಾಣುವುದು ಬಹುಶಃ ಹೀಗಿರುತ್ತದೆ: ಟೇಪಿನ ಗೋಂದು ಬಿಸಿಗೆ ಕರಗಿ ಅಂಟಂಟಾಗಿರುತ್ತದೆ, ಒಳಗೆ ಕಾರಿನ ಮೂಲ ವೈರನ್ನು ಬ್ಲೇಡಿನಲ್ಲಿ ಸುಲಿದು ಅದರ ಮೇಲೆ ಅಲಾರಂ ವೈರನ್ನು ಬೆರಳಲ್ಲೇ ತಿರುಚಿರುತ್ತಾರೆ, ಬ್ಲೇಡ್ ತಾಗಿ ಅರ್ಧ ಎಳೆ ತುಂಡಾಗಿರುತ್ತದೆ, ಉಳಿದ ತಾಮ್ರ ಕಪ್ಪಾಗಿ ಅಲ್ಲಲ್ಲಿ ಹಸಿರು ಹಿಡಿದಿರುತ್ತದೆ. ಕೈಯಲ್ಲಿ ಸ್ವಲ್ಪ ಎಳೆದರೆ ಬಂದೇಬಿಡುತ್ತದೆ. ನಮ್ಮ ರಸ್ತೆ ಗುಂಡಿಗಳಿಗೆ ದಿನಾ ಎಗರುವ ಕಾರಿನಲ್ಲಿ ಅಂಥ ಜಾಯಿಂಟ್ ಇಷ್ಟು ವರ್ಷ ತಡೆದಿದ್ದೇ ದೊಡ್ಡದು.

ಹಾಳಾದ ತುದಿ ಕತ್ತರಿಸಿ, ಹೊಳೆಯುವ ತಾಮ್ರ ಕಾಣುವ ತನಕ ಸುಲಿದು, ಹೊಸದಾಗಿ ಜೋಡಿಸಿ. ಮೂಲ ವೈರ್ ಗಿಡ್ಡ ಆದರೆ ಅದೇ ದಪ್ಪದ ತುಂಡು ಸೇರಿಸಿ, ಎಳೆದು ಬಿಗಿಯಬೇಡಿ. ಕ್ರಿಂಪ್ ಮಾಡುವ (ಒತ್ತಿ ಬಿಗಿಯುವ) ಲಗ್ ಒಳ್ಳೆಯದಾ, ಬೆಸುಗೆ ಒಳ್ಳೆಯದಾ ಅಂತ ಕೇಳಿದರೆ ನನ್ನ ಆಯ್ಕೆ ಕ್ರಿಂಪ್, ಅದರ ಮೇಲೆ ಒಳಗೆ ಗೋಂದು ಇರುವ, ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಹೀಟ್ ಶ್ರಿಂಕ್ ಸ್ಲೀವ್. ಬೆಸುಗೆಯೂ ನಡೆಯುತ್ತದೆ, ಆದರೆ ಸೀಸ ಮುಗಿಯುವ ಜಾಗದಲ್ಲಿ ವೈರ್ ಗಡುಸಾಗಿ ಅಲುಗಾಟಕ್ಕೆ ಅಲ್ಲೇ ಮುರಿಯುತ್ತದೆ, ಹಾಗಾಗಿ ಪಕ್ಕದ ಲೂಮ್‌ಗೆ (ಕಾರಿನ ಮೂಲ ವೈರ್ ಕಟ್ಟಿಗೆ) ಕೇಬಲ್ ಟೈ ಹಾಕಿ ಅಲುಗದ ಹಾಗೆ ಕಟ್ಟಬೇಕು. ಪ್ಲೈಯರ್‌ನಲ್ಲಿ ಒತ್ತಿದರೆ ಕ್ಲಿಕ್ ಅಂತ ಹಿಡಿಯುವ ನೀಲಿ ಕ್ಲಿಪ್‌ಗಳಿವೆಯಲ್ಲ, ಅವು ಎಳೆಗಳನ್ನೇ ಕತ್ತರಿಸುತ್ತವೆ. ಬೇಡವೇ ಬೇಡ. ಕಪ್ಪು ಪಿವಿಸಿ ಟೇಪ್ ಬದಲು ಬಟ್ಟೆಯ ಲೂಮ್ ಟೇಪ್ ತನ್ನಿ. ಇವೆಲ್ಲ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಒಂದು ಒಳ್ಳೆ ಕ್ರಿಂಪಿಂಗ್ ಪ್ಲೈಯರ್‌ಗೆ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟರೂ ಪರವಾಗಿಲ್ಲ.

ಅಲಾರಂನ ಪ್ಲಸ್ ವೈರಿಗೆ ಬ್ಯಾಟರಿ ಹತ್ತಿರವೇ ಫ್ಯೂಸ್ ಇರಬೇಕು, ಡಬ್ಬಿಯ ಹತ್ತಿರ ಇದ್ದರೆ ನಡುವಿನ ವೈರ್ ಎಲ್ಲಾದರೂ ಬಾಡಿಗೆ ಉಜ್ಜಿದಾಗ ಬೆಂಕಿ ಹತ್ತಬಹುದು. ಅರ್ತ್ ವೈರಿಗೆ ರಿಂಗ್ ಲಗ್ ಹಾಕಿ, ಪೇಂಟ್ ಕೆರೆದ ಬಾಡಿ ಬೋಲ್ಟ್‌ಗೆ ಬಿಗಿಯಿರಿ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಹಿಡಿದ ಸ್ಕ್ರೂಗೆ ಅರ್ತ್ ಕೊಟ್ಟಿದ್ದನ್ನು ತುಂಬಾ ಕಡೆ ನೋಡಿದ್ದೇನೆ, ಅರ್ಧ ಅಲಾರಂಗಳ ಹುಚ್ಚಾಟ ಅಲ್ಲಿಂದಲೇ ಶುರು.

ಕಟ್ ರಿಲೇ ಇಟ್ಟುಕೊಳ್ಳಬೇಕಾ? ಕೀ ಆನ್ ಮಾಡಿದಾಗ ಮೀಟರ್ ಕನ್ಸೋಲ್‌ನಲ್ಲಿ ಕಾರು ಮತ್ತು ಕೀಲಿಯ ಚಿತ್ರ ಇರುವ ದೀಪ ಹತ್ತಿ ಆರಿದರೆ, ನಿಮ್ಮ ಕಾರಿಗೆ ಕಂಪನಿಯ ಇಮೊಬಿಲೈಸರ್ ಇದೆ ಅಂತ ಅರ್ಥ, ಸರಿಯಾದ ಕೀ ಇಲ್ಲದಿದ್ದರೆ ಅದು ಇಂಜಿನ್ ಸ್ಟಾರ್ಟ್ ಆಗಲು ಬಿಡುವುದಿಲ್ಲ. ಹಾಗಿದ್ದರೆ ರಿಲೇ ತೆಗೆದುಹಾಕಿ, ಕತ್ತರಿಸಿದ ಎರಡು ತುದಿಗಳನ್ನು ಗಟ್ಟಿಯಾಗಿ ಸೇರಿಸಿ ಮುಗಿಸಿ. ಇಲ್ಲದಿದ್ದರೆ ಅದನ್ನು ಸ್ಟಾರ್ಟರ್ ಲೈನ್‌ಗೆ ವರ್ಗಾಯಿಸಿ, 30 ಮತ್ತು 87ಎ ಕಾಲುಗಳನ್ನೇ ಬಳಸಿ, ಕಾಯಿಲ್‌ನ ಪ್ಲಸ್ಸನ್ನು ಇಗ್ನಿಷನ್ನಿಂದ ಕೊಡಿ. ಅಲಾರಂ ಡಬ್ಬಿ ಕೆಟ್ಟು ಕೂತರೂ ಕಾರು ಸ್ಟಾರ್ಟ್ ಆಗುತ್ತದೆ. ಈ ಒಂದು ಕೆಲಸಕ್ಕೆ ಧೈರ್ಯ ಸಾಲದಿದ್ದರೆ ಆಟೋ ಎಲೆಕ್ಟ್ರಿಷಿಯನ್ ಕರೆಸಿ, ಆದರೆ ಪಕ್ಕದಲ್ಲೇ ನಿಂತು ಮಾಡಿಸಿ.

ರಾತ್ರಿ ಕೂಗುವುದಕ್ಕೆ ಎರಡು ಜಾಗ ನೋಡಿ. ಒಂದು ಶಾಕ್ ಸೆನ್ಸರ್, ಕಾರಿಗೆ ಪೆಟ್ಟು ಬಿದ್ದರೆ ಗುರುತಿಸುವ ಭಾಗ. ಅದನ್ನು ಕೇಬಲ್ ಟೈನಲ್ಲಿ ವೈರ್ ಗೊಂಚಲಿಗೆ ಕಟ್ಟಿದ್ದರೆ ಬಿಎಂಟಿಸಿ ಬಸ್ ಹೋದರೂ ತೂಗಾಡುತ್ತದೆ. ಡ್ಯಾಶ್ ಕೆಳಗಿನ ಕಬ್ಬಿಣದ ಪಟ್ಟಿಗೆ ಸ್ಕ್ರೂ ಹಾಕಿ ಕೂರಿಸಿ. ಅದರಲ್ಲಿ ತೆಳು ಸ್ಕ್ರೂಡ್ರೈವರ್‌ನಲ್ಲಿ ತಿರುಗುವ ಸಣ್ಣ ಗುಂಡಿ ಇರುತ್ತದೆ. ಪೂರ್ತಿ ಕಡಿಮೆ ಮಾಡಿ, ಲಾಕ್ ಮಾಡಿ, ಗಾಜಿನ ಪಕ್ಕದ ಕಂಬಕ್ಕೆ ಅಂಗೈಯಲ್ಲಿ ಬಡಿದು ನೋಡುತ್ತಾ ಸ್ವಲ್ಪ ಸ್ವಲ್ಪವೇ ಏರಿಸಿ. ಇನ್ನೊಂದು ಬಾಗಿಲ ವೈರ್. ಎಷ್ಟೋ ಕಾರುಗಳಲ್ಲಿ ಬಾಗಿಲು ಮುಚ್ಚಿದ್ದಾಗ ಆ ವೈರಿನಲ್ಲಿ 12 ವೋಲ್ಟ್ ಹತ್ತಿರ, ತೆರೆದಾಗ ಸೊನ್ನೆ ಬರಬೇಕು. ಮುಚ್ಚಿದ್ದಾಗ 6, 7 ಅಂತ ಆಡುತ್ತಿದ್ದರೆ ಬಾಗಿಲ ಸ್ವಿಚ್‌ಗೆ ಮಳೆ ನೀರು ಹೋಗಿದೆ ಅಥವಾ ಜಾಯಿಂಟ್ ಸರಿ ಇಲ್ಲ. ಬಾಗಿಲು ಹಾಕಿದ ಮೇಲೂ ಒಳಗಿನ ದೀಪ ನಿಧಾನವಾಗಿ ಆರುವ ಕಾರಾದರೆ, ದೀಪ ಪೂರ್ತಿ ಆರಿದ ಮೇಲೆ ಲಾಕ್ ಮಾಡಿ ನೋಡಿ. ಬ್ಯಾಟರಿ ಸೋತಾಗಲೂ ಕೆಲವು ಅಲಾರಂಗಳು ಕೂಗುತ್ತವೆ, ಹಾಗಾಗಿ ಆ ರಿಲೇ ಸರಿಯಾದರೆ ಇದೂ ಅರ್ಧ ಕಡಿಮೆಯಾಗಬಹುದು.

ಎದುರು ಮನೆಯವರ ಮಾತಿಗೆ ಬೇಜಾರು ಮಾಡ್ಕೋಬೇಡಿ. 2000ರ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಮಿತಿ 45 ಡೆಸಿಬಲ್. ಸೈರನ್ ಅದಕ್ಕಿಂತ ಎಷ್ಟೋ ಜೋರು. ಕೆಲಸ ಮುಗಿಯುವ ತನಕ ಸೈರನ್ನಿನ ಒಂದು ವೈರ್ ಬಿಚ್ಚಿ ತುದಿಗೆ ಟೇಪ್ ಸುತ್ತಿಡಿ, ಇಂಡಿಕೇಟರ್ ಮಿನುಗುವುದನ್ನು ನೋಡಿಕೊಂಡೇ ಪರೀಕ್ಷೆ ಮಾಡಬಹುದು.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಇಲಿ ಬಂದು ಅಲಾರಂ ಸೈರನ್ ವೈರ್ ಕಡಿದಿದೆ. ಪೂರ್ತಿ ಸೆಟ್ ಬದಲಾಯಿಸಬೇಕು ಅಂತ ಹೇಳುತ್ತಿದ್ದಾರೆ. ಹೌದಾ?
– ಓದುಗರು, ಬನಶಂಕರಿ

ಉತ್ತರ: ಅಲ್ಲ ಮೇಡಂ. ಸಾಮಾನ್ಯ ಸೈರನ್‌ಗೆ ಇರುವುದೇ ಎರಡು ವೈರ್. ಕಡಿದ ಜಾಗಕ್ಕಿಂತ ಸ್ವಲ್ಪ ಹಿಂದಕ್ಕೆ ಕತ್ತರಿಸಿ, ಹೊಸ ತುಂಡು ಸೇರಿಸಿ, ಸುಕ್ಕು ಸುಕ್ಕಾದ ಪ್ಲಾಸ್ಟಿಕ್ ಪೈಪಿನೊಳಗೆ ತೂರಿಸಿದರೆ ಆಯಿತು. ಯಾವ ಆಟೋ ಎಲೆಕ್ಟ್ರಿಷಿಯನ್ ಬೇಕಾದರೂ ಬೇಗ ಮಾಡಿಕೊಡುತ್ತಾರೆ. ಸೈರನ್ ಬಾಯಿ ಕೆಳಗೆ ನೋಡುವ ಹಾಗೆ ಕೂರಿಸಲು ಹೇಳಿ, ನೀರು ನಿಲ್ಲುವುದಿಲ್ಲ. ಆದರೆ ಇಲಿ ಅದೊಂದನ್ನೇ ಕಡಿದು ಬಿಟ್ಟಿರುತ್ತದೆ ಅಂತ ನಂಬಬೇಡಿ. ಇಂಜಿನ್ ಪಕ್ಕದ ಬೇರೆ ವೈರ್‌ಗಳನ್ನೂ ಬೆಳಕು ಬಿಟ್ಟು ನೋಡಿಸಿ. ಕಾರಿನೊಳಗೆ ಬಿಸ್ಕತ್ ಚೂರು, ಚಿಪ್ಸ್ ಕವರ್ ಇದ್ದರೆ ಮೊದಲು ತೆಗೆಯಿರಿ. ವಾರಗಟ್ಟಲೆ ಅಲುಗಾಡದೆ ನಿಂತ ಕಾರು ಅಂದರೆ ಇಲಿಗೆ ಬಹಳ ಇಷ್ಟ, ಆಗಾಗ ಓಡಿಸುತ್ತಿರಿ.

ಪ್ರಶ್ನೆ: 2023ರಲ್ಲಿ ತಗೊಂಡ ಬೇಸ್ ಮಾಡೆಲ್ ಕಾರು ನನ್ನದು, ವಾರಂಟಿ ಇನ್ನೂ ಇದೆ. ಹೊರಗಡೆ ಕಡಿಮೆ ದುಡ್ಡಿಗೆ ಅಲಾರಂ ಹಾಕಿಸಲಾ? ಇನ್ಶೂರೆನ್ಸ್‌ನಲ್ಲಿ ಏನಾದರೂ ಕಡಿಮೆ ಆಗುತ್ತಾ?
– ಓದುಗರು, ಯಲಹಂಕ

ಉತ್ತರ: ವೈರ್ ಕತ್ತರಿಸುವ ಕೆಲಸ ಆದರೆ ಬೇಡ. ಹೊಸ ಕಾರುಗಳಲ್ಲಿ ಬಾಗಿಲು, ಲಾಕ್, ಇಂಡಿಕೇಟರ್ ಎಲ್ಲ ಕಂಪ್ಯೂಟರ್ ಮೂಲಕ ಮಾತಾಡುತ್ತವೆ. ತಪ್ಪು ವೈರಿಗೆ ಪ್ಲಸ್ ತಾಗಿದರೆ ಆ ಯೂನಿಟ್ಟೇ ಹೋಗಬಹುದು, ವೈರ್ ಕತ್ತರಿಸಿದ್ದು ಕಂಡರೆ ಎಲೆಕ್ಟ್ರಿಕಲ್ ಭಾಗದ ವಾರಂಟಿ ಕೊಡಲು ತಕರಾರು ಮಾಡುತ್ತಾರೆ. ಷೋರೂಮಿನಲ್ಲಿ ನಿಮ್ಮ ಮಾಡೆಲ್‌ಗೆ ಕಂಪನಿಯದ್ದೇ ಅಲಾರಂ ಸಿಗುತ್ತದಾ ಕೇಳಿ, ಕಪ್ಲರ್‌ಗೆ ಕಪ್ಲರ್ ಕೂರುವಂಥದ್ದು. ಇನ್ಶೂರೆನ್ಸ್ ವಿಷಯಕ್ಕೆ ಬಂದರೆ, ವಾಹನಗಳನ್ನು ಪರೀಕ್ಷಿಸುವ ಪುಣೆಯ ಎಆರ್‌ಎಐ ಸಂಸ್ಥೆ ಒಪ್ಪಿದ ಕಳ್ಳತನ ತಡೆ ಸಾಧನಕ್ಕೆ ಮಾತ್ರ ರಿಯಾಯಿತಿ. ಅದೂ ಓನ್ ಡ್ಯಾಮೇಜ್ (ನಿಮ್ಮ ಸ್ವಂತ ಕಾರಿನ ನಷ್ಟದ) ಪ್ರೀಮಿಯಂನಲ್ಲಿ 2.5%, ಹೆಚ್ಚೆಂದರೆ 500 ರೂಪಾಯಿ. ಆ ದುಡ್ಡಿನ ಆಸೆಗೆ ಅಲಾರಂ ಹಾಕಿಸಬೇಡಿ. ಹಾಕಿಸಿದರೆ ಬಿಲ್ ಮತ್ತು ಫಿಟ್ಟಿಂಗ್ ಸರ್ಟಿಫಿಕೇಟ್ ಎರಡನ್ನೂ ಕೇಳಿ ತಗೊಳ್ಳಿ, ಪಾಲಿಸಿ ರಿನ್ಯೂ ಮಾಡುವಾಗ ತೋರಿಸಬೇಕಾಗುತ್ತದೆ.