ಎಲುಬು ಕೂಡಿತು, ಕೈ ಗುಣವಾಯಿತೇ?

ಪ್ರಶ್ನೆ: ತೋಟದ ಸಂಕದಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡ ಅಮ್ಮನಿಗೆ ಆರು ವಾರಗಳ ನಂತರ ಆಸ್ಪತ್ರೆಯಲ್ಲಿ ‘ಗುಣವಾಗಿದೆ’ ಎಂದರು, ಆಯುರ್ವೇದ ವೈದ್ಯರು ‘ಇನ್ನೂ ಇಲ್ಲ’ ಎನ್ನುತ್ತಾರೆ. ಯಾರ ಮಾತು ಸರಿ?
– ಓದುಗರು, ಶಿರಸಿ

ಉತ್ತರ: ಇಬ್ಬರದೂ ಸರಿ. ಎಕ್ಸ್‌ರೇ ನೋಡಿದವರು ಎಲುಬಿನ ಮಾತು ಹೇಳಿದರು. ಪ್ಲಾಸ್ಟರ್ ಎಲುಬನ್ನು ಅಲುಗಾಡದಂತೆ ಹಿಡಿದಿಡುತ್ತದೆಯೇ ಹೊರತು ಅದನ್ನು ಕೂಡಿಸುವುದು ದೇಹವೇ. ಆದರೆ ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಕುಳಿತ ಅಮ್ಮನ ಬೆರಳುಗಳು ಮಡಚಲು ಬಾರದಿದ್ದರೆ, ಅವರ ಪಾಲಿಗೆ ಕೈ ಇನ್ನೂ ಗುಣವಾಗಿಲ್ಲ. ಆಯುರ್ವೇದದ ಪ್ರಾಚೀನ ಗ್ರಂಥ ಸುಶ್ರುತ ಸಂಹಿತೆ ದೋಷ (ವಾತ, ಪಿತ್ತ, ಕಫ), ಅಗ್ನಿ (ಜೀರ್ಣಶಕ್ತಿ), ಧಾತುಗಳ (ರಕ್ತ, ಮಾಂಸ, ಎಲುಬಿನಂಥ ದೇಹದ ಅಂಶಗಳ) ಸಮತೆಯ ಜೊತೆಗೆ ಮನಸ್ಸು, ಇಂದ್ರಿಯಗಳ ಪ್ರಸನ್ನತೆಯನ್ನೂ ಸ್ವಾಸ್ಥ್ಯದಲ್ಲಿ ಸೇರಿಸುತ್ತದೆ. 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವೂ ರೋಗವಿಲ್ಲದಿರುವುದಷ್ಟೇ ಆರೋಗ್ಯವಲ್ಲ ಎನ್ನುತ್ತದೆ. ಫಿಸಿಯೋಥೆರಪಿಯನ್ನು ತಡಮಾಡದೆ ಕೇಳಿ ಆರಂಭಿಸಿ. ಊತ ಅಥವಾ ಜೋಮು ಇದ್ದರೆ ಎಣ್ಣೆ ತಿಕ್ಕುವ ಮೊದಲು ಮೂಳೆ ವೈದ್ಯರಿಗೆ ತಪ್ಪದೆ ತೋರಿಸಿ.